ಎಡಗೈಯ ಉಪ್ಪು

ಅವ್ವ ಉಣ್ಣುತ್ತಿಲ್ಲ ಎಂದು ತಮ್ಮನ ಹೆಂಡತಿ ಐಶ್ವರ್ಯ ಫೋನು ಮಾಡಿದಾಗ ನಾನು ನಾರ್ವೆಯ ಬರ್ಗೆನ್‌ನಲ್ಲಿ, ಪ್ರಯೋಗಾಲಯದ ಬೆಂಚಿನ ಮುಂದೆ, ಮೀನಿನ ಮೇವಿನ ತೇವಾಂಶ ಅಳೆಯುತ್ತಿದ್ದೆ. ದೀಪಾವಳಿಗೆ ಮುಂಚೆ ಪಾರ್ಶ್ವವಾಯು ಹೊಡೆದು ಅವ್ವನ ಬಲಗೈ ಬಿದ್ದುಹೋಗಿತ್ತು. ಮಾತು ತುಸು ತೊದಲಿದರೂ ಉಳಿದಿತ್ತು. ನಾನು ಹೋಗಿ ಕೊಪ್ಪಳದ ಆಸ್ಪತ್ರೆಯಲ್ಲಿ ಜೊತೆಗಿದ್ದು, ರಜೆಯೆಲ್ಲ ಮುಗಿಸಿ ಮರಳಿದ್ದೆ.

"ನಾವು ತುತ್ತು ಹಾಕಿದ್ರ ಬಾಯಿ ತಗಿಯೂದಿಲ್ರಿ ಅಕ್ಕಾ. ಎಡಗೈಲೆ ಉಣ್ರಿ ಅಂದ್ರ ಸಿಟ್ಟಿಗೇಳ್ತಾರ. ಉಣ್ಣಾಕ ಮುಂದ ಇಟ್ಟು ಬಂದ್ರ ಬೆಕ್ಕು ಗಂಗಾಳ ಕೆಡವಿತು ಅಂತಾರ. ಹಿಂಗಾದ್ರ ಮೂಗಿನಾಗ ನಳಿಗಿ ಹಾಕಬೇಕಾಗ್ತೈತಿ ಅಂದಾರ ಡಾಕ್ಟರು."

ನಮ್ಮ ಮನೆಯಲ್ಲಿ ಎಡಗೈ ಅನ್ನ ಮುಟ್ಟುವುದಿಲ್ಲ. ಸಣ್ಣವಳಿದ್ದಾಗ ಮರೆತು ಎಡಗೈ ಚಾಚಿದರೆ ಅವ್ವನ ಸೌಟು ಬೆರಳ ಗಂಟಿನ ಮೇಲೆ ಬೀಳುತ್ತಿತ್ತು. ಆ ಅವ್ವನಿಗೆ ಈಗ ಉಳಿದಿರುವುದು ಅದೊಂದೇ ಕೈ.

ಹೋಗಲಾರದ ನನಗೆ ತೋಚಿದ್ದು ಕರಿಂಡಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಹುರಿದ ಅಗಸಿಬೀಜವನ್ನು ತರಿತರಿಯಾಗಿ ರುಬ್ಬಿ, ಸೌತೆಯ ಹೋಳು ಬೆರೆಸಿ, ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ ಹುಳಿಯಲು ಬಿಡುವುದು. ಎಳ್ಳಮಾಸಿ ಹಬ್ಬ ಬಂತೆಂದರೆ ಕೊಪ್ಪಳದ ಪಕ್ಕದ ಭಾಗ್ಯನಗರದ ನಮ್ಮ ಓಣಿಯವರು ಬಟ್ಟಲು ಹಿಡಿದು ಅವ್ವನ ಕರಿಂಡಿಗೆ ಬರುತ್ತಿದ್ದರು. ಅವ್ವ ಎಂದೂ ಏನನ್ನೂ ಅಳೆದವಳಲ್ಲ. ಅಳತೆ ಕೇಳಿದರೆ ಕೈಯಲ್ಲೇ ತೋರಿಸಬೇಕು. ಕೈಯೆಂದರೆ ಈಗ ಎಡಗೈ. ಅಡುಗೆಯಲ್ಲಿ ಮೈಮರೆತು ಅದು ಉಪ್ಪನ್ನು ಮುಟ್ಟಿದರೆ ನಾಳೆ ತುತ್ತನ್ನೂ ಮುಟ್ಟೀತು. ಇದು ನನ್ನ ಲೆಕ್ಕ. ಐಶ್ವರ್ಯಳಿಗೆ ಮಾತ್ರ ಹೇಳಿದ್ದೆ.

ಭಾನುವಾರ ವಿಡಿಯೋ ಕರೆ ಮಾಡಿದೆ. ಅವ್ವ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದಳು. ಐಶ್ವರ್ಯ ಫೋನು ಹಿಡಿದಿದ್ದಳು.

"ಕರಿಂಡಿ ಮಾಡಾಕತ್ತೀನವ್ವ. ಹೇಳಿಕೊಡು."

"ಮೀನಿಗೆ ಅಡಿಗಿ ಮಾಡಾಕಿ ನೀ. ಮನಿಶ್ಯಾರು ಉಣ್ಣೂದು ನಿನಗೇನ್ ತಿಳಿತೈತಿ?" ಎಂದಳು. ಆದರೆ ಕುತ್ತಿಗೆ ಮುಂದೆ ಚಾಚಿ ನೋಡಿದಳು. "ಅಗಸಿ ಹೊತ್ತತು ನೋಡು! ಉರಿ ಸಣ್ಣ ಮಾಡು."

"ಉರಿ ಇಲ್ಲವ್ವ, ಕರೆಂಟಿನ ಒಲಿ."

"ಉರಿ ಇಲ್ಲದ ಒಲಿ ಮುಂದ ನಿಂತು ಏನ್ ನೋಡ್ತಿ ಮತ್ತ?"

ಐಶ್ವರ್ಯ ನಕ್ಕಳು. ಅವ್ವನೂ ನಕ್ಕಳು, ಬಾಯಿಯ ಒಂದೇ ಕಡೆಯಿಂದ. ಮೆಣಸಿನಕಾಯಿಯ ತೊಟ್ಟು ತೆಗೆದದ್ದು ಸರಿಯಿಲ್ಲ ಎಂದಳು, ಸೌತೆ ನೀರುನೀರಾಗಿದೆ ಎಂದಳು. ಇಷ್ಟು ಮಾತಾಡಿ ಬಹಳ ದಿನವಾಗಿತ್ತು.

"ಉಪ್ಪು ಎಷ್ಟವ್ವ?"

ತೂಕದ ನೂರು ಭಾಗಕ್ಕೆ ಎರಡೂವರೆ ಭಾಗ ಉಪ್ಪಿದ್ದರೆ ಹುಳಿಸುವ ಬ್ಯಾಕ್ಟೀರಿಯಾ ಬದುಕುತ್ತವೆ, ಕೊಳೆಸುವಂಥವು ಸೋಲುತ್ತವೆ. ತಕ್ಕಡಿ ನನ್ನ ಮಗ್ಗುಲಲ್ಲೇ ಇತ್ತು.

"ಕಾಯಿಗೆ ತಕ್ಕಷ್ಟು."

"ತೋರಸವ್ವ. ತಿಳಿವಲ್ದು."

ಐಶ್ವರ್ಯ ಉಪ್ಪಿನ ಡಬ್ಬಿಯನ್ನು ಅವ್ವನ ಮಡಿಲಲ್ಲಿಟ್ಟಳು. ಸೆರಗಿನ ಅಡಿಯಿಂದ ಎಡಗೈ ಹೊರಬಂತು, ಡಬ್ಬಿಗೆ ಇಳಿಯಿತು, ಮುಷ್ಟಿಯಾಗಿ ಮೇಲೆದ್ದಿತು. ರೂಢಿಯಿಲ್ಲದ ಮುಷ್ಟಿ ಬಿಗಿಯಲಿಲ್ಲ. ಬೆರಳ ಸಂದಿಯಿಂದ ಉಪ್ಪು ಒಂದೇ ಸಮನೆ ಸುರಿಯಿತು. ಕೈ ಎದೆಯ ಮಟ್ಟಕ್ಕೆ ಬರುವಷ್ಟರಲ್ಲಿ ಅಂಗೈಗೆ ಅಂಟಿದ ಹರಳುಗಳಷ್ಟೇ ಉಳಿದಿದ್ದವು. ಅವ್ವ ಅದನ್ನು ತಿರುಗಿಸಿ ನೋಡಿದಳು.

"ನನಗೇನ್ ಗೊತ್ತಿತ್ತವ್ವಾ," ಎಂದಳು. "ಕೈಗೆ ಗೊತ್ತಿತ್ತು."

ಆಮೇಲೆ ಸೊಸೆಯ ಕಡೆ ತಿರುಗಿ, "ಆ ಉಪ್ಪು ಚೆಲ್ಲು. ಎಡಗೈ ಹತ್ತೈತಿ."

"ಡಬ್ಬಿ ತುಂಬ ಐತಲ್ರಿ ಅತ್ತಿ..."

"ಚೆಲ್ಲು ಅಂದೆ."

ಫೋನು ಎಲ್ಲೋ ಬಿತ್ತು. ಸ್ವಲ್ಪ ಹೊತ್ತು ನನಗೆ ಮನೆಯ ಫ್ಯಾನು ಮಾತ್ರ ಕಾಣುತ್ತಿತ್ತು. ನಾನು ಉಪ್ಪನ್ನು ತೂಗಿ ಹಾಕಿದೆ.

ಮುಂದಿನ ಭಾನುವಾರಕ್ಕೆ ಕರಿಂಡಿ ಹುಳಿತಿತ್ತು. ಕೆಟ್ಟಿರಲಿಲ್ಲ, ಅವ್ವನದರಂತೆಯೂ ಇರಲಿಲ್ಲ. ಮರುದಿನ ಅವ್ವನಿಗೆ ಮೂಗಿನ ನಳಿಗೆ ಹಾಕಿಸಲು ಆಸ್ಪತ್ರೆಗೆ ಬರಹೇಳಿದ್ದರು. ನನ್ನ ಮಧ್ಯಾಹ್ನ, ಅವರ ಸಂಜೆ. ಐಶ್ವರ್ಯ ಫೋನನ್ನು ಚೊಂಬಿಗೆ ಒರಗಿಸಿಟ್ಟಿದ್ದಳು. ಅವ್ವನ ಮುಂದೆ ಗಂಗಾಳ, ಅದರಲ್ಲಿ ರೊಟ್ಟಿ, ಪಕ್ಕದ ಮನೆಯಿಂದ ತಂದ ಕರಿಂಡಿ. ನನ್ನ ತಟ್ಟೆಯಲ್ಲಿ ನಾನು ಬಡಿದ ಜೋಳದ ರೊಟ್ಟಿ, ಆರಿ ಚರ್ಮದಂತಾಗಿತ್ತು.

"ಇಬ್ಬರೂ ಕೂಡೇ ಉಣ್ಣೂಣವ್ವ," ಎಂದು ಬಲಗೈಯನ್ನು ಮಡಿಲಲ್ಲಿಟ್ಟುಕೊಂಡು, ಎಡಗೈಯನ್ನು ರೊಟ್ಟಿಗೆ ಹಾಕಿದೆ.

ಅವ್ವನ ಮುಖ ಬಿಗಿಯಿತು. "ಅಣಕಸ್ತೀಯೇನು?"

"ಇಲ್ಲವ್ವ."

"ನಿನ್ನ ಬಲಗೈ ಐತಲ್ಲ. ಅದಕ್ಕೇನಾಗೇತಿ?"

ರೊಟ್ಟಿ ಮುರಿಯುವುದು ಒಂದೇ ಕೈಯ ಕೆಲಸವೆಂದು ತಿಳಿದಿದ್ದೆ. ಬಲಗೈ ಯೋಚಿಸದೆ ಮಾಡುವುದನ್ನು ಎಡಗೈಗೆ ಹೇಗೆ ಹೇಳಿಕೊಡುವುದೆಂದು ನನಗೇ ತಿಳಿಯಲಿಲ್ಲ. ಹೆಬ್ಬೆರಳು ಒತ್ತಿದರೆ ರೊಟ್ಟಿ ಪೂರ್ತಿ ತಿರುಗಿತು. ಅಂಚಿಗೆ ಎಳೆದರೆ ತಟ್ಟೆಯೇ ಜಾರಿತು. ಕರಿಂಡಿ ಅಂಗಿಯ ಮೇಲೆ ಬಿತ್ತು. ಅವ್ವ ಬೈಯುತ್ತಾಳೆಂದು ಕಾದೆ. ಅವಳು ನನ್ನ ಬೆರಳುಗಳನ್ನೇ ನೋಡುತ್ತಿದ್ದಳು, ಕಲಿಯುವವಳ ಹಾಗೆ.

"ಬಿಡು," ಎಂದಳು ಕೊನೆಗೆ. ದನಿ ಮೆತ್ತಗಿತ್ತು. "ಮುರಿಯೂದಿಲ್ಲ ಅದು. ಒತ್ತಿದ್ರ ತಿರಗತೈತಿ. ಅಂಚಿಗೆ ತಂದ್ರ ಗಂಗಾಳನ ಬೀಳತೈತಿ. ಯಾರೂ ಇಲ್ದಾಗ ನಾನೂ ಮಾಡಿ ನೋಡೀನಿ."

ಫೋನಿನ ಹಿಂದಿನಿಂದ ಐಶ್ವರ್ಯಳ ದನಿ ಬಂತು. "ಅತ್ತೀ... ಬೆಕ್ಕು ಕೆಡವಿತು ಅಂದಿದ್ರಲ್ರಿ."

ಅವ್ವ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾ ಮುರದ ಕೊಡ್ತೀನ್ರಿ. ಕೊಡ್ಲಿ?"

ಅವ್ವ ಕಣ್ಣು ಮುಚ್ಚಿಕೊಂಡಳು. ಐಶ್ವರ್ಯಳ ಎರಡೂ ಕೈ ಪರದೆಯೊಳಗೆ ಬಂದು, ಗಂಗಾಳದ ಅಂಚನ್ನು ಮುಟ್ಟಿ, ಅಲ್ಲೇ ನಿಂತವು.

ನನ್ನ ಬಲಗೈ ಇನ್ನೂ ಮಡಿಲಲ್ಲಿತ್ತು. ಅವ್ವ ಕಣ್ಣು ತೆರೆದು ನೋಡಿಯಾಳೆಂದು, ಅದನ್ನು ಮೇಲೆತ್ತಲು ನನಗೆ ಧೈರ್ಯವಾಗಲಿಲ್ಲ.