ಸಾವಿರಕ್ಕೆ ಅರವತ್ತೊಂಬತ್ತು ಕಡಿಮೆ

ಅಂಗಡಿಗಳ ತೂಕ-ಅಳತೆ ತಪಾಸಣೆ ಮಾಡುತ್ತಲೇ ತಲೆ ನರೆಸಿಕೊಂಡ ಮನುಷ್ಯ ನೌಕರಿಯಿಂದ ನಿವೃತ್ತನಾಗಬಹುದು, ಆ ಚಾಳಿಯಿಂದ ನಿವೃತ್ತನಾಗುವುದುಂಟೇ? ಬೀದಿಯವರು ಅವರನ್ನು ಈಗಲೂ ತಕ್ಕಡಿ ಸಾಹೇಬರೆಂದೇ ಕರೆಯುತ್ತಿದ್ದರು. ಕಿಲೋ ಎಂದರೆ ಸಾವಿರ, ಅದರಲ್ಲಿ ಎಳ್ಳಷ್ಟೂ ಆಚೀಚೆಯಿಲ್ಲ ಎಂದು ಎಷ್ಟು ವ್ಯಾಪಾರಿಗಳ ನೀರಿಳಿಸಿದ್ದರೋ ಲೆಕ್ಕವಿಲ್ಲ.

ಅಂಥವರು ಮೊಮ್ಮಗಳ ಫೋಟೋ ತುಂಬಿಡಲೆಂದು ಒಂದು ಹಾರ್ಡ್ ಡಿಸ್ಕ್ ತಂದರು. ಡಬ್ಬಿಯ ಮೇಲೆ ಸಾವಿರ ಜಿಬಿ ಎಂದಿತ್ತು. ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದರೆ ಒಂಬೈನೂರ ಮೂವತ್ತೊಂದು! ಪಿತ್ತ ನೆತ್ತಿಗೇರಿತು. ಕಂಪ್ಯೂಟರ್ ಬಲ್ಲ ಸೊಸೆ ಕೆಲಸದಿಂದ ಬರುವ ತನಕ ತಾಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ತಾಳಲಿಲ್ಲ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಅಂಗಡಿ ತುಂಬ ಗಿರಾಕಿಗಳಿದ್ದರು. ಕೌಂಟರಿನಲ್ಲಿದ್ದ ಹುಡುಗಿ ಕೆಲಸಕ್ಕೆ ಹೊಸಬಳು. ಕಂಪನಿಯಿಂದ ಸೀಲಾಗಿ ಬಂದ ಮಾಲು ಎಂದು ಅವಳು ಬಾಯಿ ತೆರೆದದ್ದೇ ತಪ್ಪಾಯಿತು. ನಿನ್ನಂಥ ಕಳ್ಳಿಯರನ್ನು ಎಷ್ಟು ನೋಡಿಲ್ಲ ಎಂದು ಸಾಹೇಬರು ಗುಡುಗಿದರು. ವ್ಯಾಪಾರ ಕೆಟ್ಟೀತೆಂದು ಮಾಲೀಕ ಕ್ಷಮೆ ಕೇಳು ಎಂದ. ಪಾಪ, ಅವಳಿಗೂ ಒಳಗಿನ ಲೆಕ್ಕ ಗೊತ್ತಿರಲಿಲ್ಲ. ತಾನೇ ಏನೋ ಖೋಟಾ ಮಾಲು ಮಾರಿದೆನೆಂದು ನಂಬಿ, ಕಣ್ಣು ತುಂಬಿಕೊಂಡು ಕ್ಷಮೆ ಕೇಳಿದಳು. ಸಾಹೇಬರು ಎದೆಯುಬ್ಬಿಸಿ ಮನೆಗೆ ಬಂದರು.

ಸಂಜೆ ಸೊಸೆ ಎಲ್ಲ ಕೇಳಿಸಿಕೊಂಡಳು. ಅವಳು ನಗಲಿಲ್ಲ, ನಕ್ಕಿದ್ದರೇ ವಾಸಿಯಿತ್ತು.

"ಡಿಸ್ಕ್ ಮಾಡೋರು ಕಿಲೋ ಅಂದ್ರೆ ಸಾವಿರ ಅಂತಾನೇ ಎಣಿಸ್ತಾರೆ ಮಾವ, ನೀವು ಹೇಳೋ ಹಾಗೇ. ಈ ಕಂಪ್ಯೂಟರ್ ಸಾವಿರದ ಇಪ್ಪತ್ನಾಲ್ಕು ಅಂತ ಎಣಿಸುತ್ತೆ. ಹೆಸರು ಮಾತ್ರ ಅದೇ ಬರೆಯುತ್ತೆ. ಕಿಲೋ, ಮೆಗಾ ದಾಟಿ ಮೂರನೇ ಮೆಟ್ಟಿಲು ಜಿಬಿಗೆ ಬರೋ ಹೊತ್ತಿಗೆ ಅದೇ ಮಾಲು ಅರವತ್ತೊಂಬತ್ತು ಕಡಿಮೆ ಕಾಣುತ್ತೆ."

ಈ ಜಗಳ ಬಹಳ ಹಳೆಯದಂತೆ. ಎರಡನೇ ಎಣಿಕೆಗೆ ಬೇರೆ ಹೆಸರಿಟ್ಟರೂ ಬಳಸುವವರು ಕಡಿಮೆಯಂತೆ. ಡಿಸ್ಕಿನಲ್ಲಿ ಚೂರೂ ಕೊರತೆಯಿಲ್ಲವಂತೆ.

ಜೀವಮಾನವೆಲ್ಲ ತಾವು ಕಾದ ಸಾವಿರವನ್ನೇ ಸರಿಯಾಗಿ ಕೊಟ್ಟವಳನ್ನು ಕಳ್ಳಿ ಎಂದಿದ್ದರಲ್ಲ! ನಾಚಿಕೆಯಿಂದ ಸಾಹೇಬರ ಮೈ ಹಿಡಿಯಾಯಿತು. ಮೊಮ್ಮಗಳು ತಾತಾ ಎಂದು ಕರೆದರೆ ಆ ಮಗುವಿನ ಮುಖ ನೋಡಲೂ ಸಂಕೋಚವಾಯಿತು.

ಫೋನು ಮಾಡಿ ತಪ್ಪಾಯಿತು ಎನ್ನಬಹುದಿತ್ತು. ಅದು ಕಳ್ಳದಾರಿ ಅನಿಸಿತು. ನಾಲ್ಕು ಜನರ ಮುಂದೆ ತೆಗೆದ ಮಾನವನ್ನು ನಾಲ್ಕು ಜನರ ಮುಂದೆಯೇ ಹಿಂದಿರುಗಿಸಬೇಕು ಎಂದು ಗಟ್ಟಿಮಾಡಿಕೊಂಡು ಮರುದಿನ ಹೋದರು. ಅಂಗಡಿ ತುಂಬಲಿ ಎಂದು ಬಾಗಿಲಲ್ಲೇ ಕಾದರು. ಕಾಲು ಎರಡು ಸಲ ವಾಪಸು ತಿರುಗಿತು. ಕೊನೆಗೆ ಒಳಗೆ ಹೋದಾಗ ಹುಡುಗಿ ಇವರನ್ನು ಕಂಡವಳೇ ಗಾಬರಿಯಿಂದ ಎದ್ದು ನಿಂತಳು.

"ಸಾರ್, ಮತ್ತೇನಾದ್ರೂ ಕಡಿಮೆ ಇದೆಯಾ?"

ಸಾಹೇಬರು ಗಿರಾಕಿಗಳತ್ತ ತಿರುಗಿ ಎಲ್ಲರಿಗೂ ಕೇಳುವಂತೆ ಹೇಳಿದರು: "ನಿನ್ನೆ ಈ ಹುಡುಗೀನ ಕಳ್ಳಿ ಅಂದೆ. ತಪ್ಪು ನಂದು. ಇವಳು ಕೊಟ್ಟಿದ್ದು ಸರಿಯಾಗೇ ಇತ್ತು."

ಗಿರಾಕಿಗಳೆಲ್ಲ ತಿರುಗಿದರು. ಇವರನ್ನಲ್ಲ, ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಒಬ್ಬಾಕೆ ಕೌಂಟರಿನ ಮೇಲಿಟ್ಟಿದ್ದ ಪರ್ಸನ್ನು ಮೆಲ್ಲನೆ ತನ್ನತ್ತ ಎಳೆದುಕೊಂಡಳು.

ಹುಡುಗಿ ಮುಂದೆ ಬಾಗಿ, ಪಿಸುಮಾತಿನಲ್ಲಿ ಬೇಡಿಕೊಂಡಳು.

"ಸಾಕು ಬಿಡಿ ಸಾರ್. ಇವರಿಗೆಲ್ಲ ನಿನ್ನೆಯದು ಗೊತ್ತೇ ಇರಲಿಲ್ಲ."