ವಠಾರಕ್ಕೆ ಬಂದ ಕಜ್ಜಿ

ನನ್ನ ವಠಾರಕ್ಕೆ ಕಜ್ಜಿ ಬಂದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ. ಫಕೀರಪ್ಪನ ಕೈಬೆರಳ ಸಂದಿಯಲ್ಲಿ ಕೂತು, ಗದಗಿನಿಂದ ರೈಲಿನಲ್ಲಿ, ಟಿಕೆಟ್ಟಿಲ್ಲದೆ ಬಂತು. ಮತ್ತಿಕೆರೆಯಲ್ಲಿ ಐದು ಮನೆ, ಒಂದು ನಲ್ಲಿ, ಒಂದು ಬಚ್ಚಲು ಇದ್ದ ವಠಾರದ ಯಜಮಾನಿ ನಾನು, ರತ್ನಕ್ಕ. ಬಾಡಿಗೆಗೆ ಬರುವವರಿಗೆ ನಾನು ಮೊದಲೇ ಹೇಳಿಬಿಡುತ್ತಿದ್ದೆ: ಗೋಡೆಗೆ ಮೊಳೆ ಹೊಡೆಯಬಾರದು, ನೆಂಟರನ್ನು ತಂದು ತುಂಬಬಾರದು. ಈ ಹುಳು ನನ್ನನ್ನು ಒಂದು ಮಾತೂ ಕೇಳದೆ ಚರ್ಮದೊಳಗೆ ಸುರಂಗ ಕೊರೆದು, ಮೊಟ್ಟೆಯಿಟ್ಟು, ಮಕ್ಕಳು ಮೊಮ್ಮಕ್ಕಳ ಸಮೇತ ಸಂಸಾರ ಹೂಡಿತು.

ಹಿಂದಿನ ಕೋಣೆಯಲ್ಲಿ ಫಕೀರಪ್ಪ, ವೀರಬಸಪ್ಪ ಅಂತ ಇಬ್ಬರು ಹುಡುಗರಿದ್ದರು. ಇಬ್ಬರೂ ಗದಗಿನ ಕಡೆಯವರು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ. ಇಬ್ಬರಿಗೂ ಸೇರಿ ಒಂದು ಚಾಪೆ, ಒಂದು ಕಂಬಳಿ. ಹಾಗಾಗಿ ಫಕೀರಪ್ಪ ಕೆರೆದುಕೊಂಡ, ವೀರಬಸಪ್ಪನೂ ಕೆರೆದುಕೊಂಡ. ಫಕೀರಪ್ಪನಿಗೆ ಮಕ್ಕಳೆಂದರೆ ಪ್ರಾಣ. ಕೆಲಸದಿಂದ ಬಂದವನೇ ಒಂದನ್ನು ಹೆಗಲಿಗೇರಿಸಿ, ಎರಡನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಳವೆಲ್ಲ ಕುದುರೆಯಾಗುತ್ತಿದ್ದ. ಮಕ್ಕಳಿಂದ ತಾಯಂದಿರಿಗೆ ಬಂತು. ಸಂಜೆ ಹೊತ್ತು ಆ ಪಿಳ್ಳೆಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಥೆ ಹೇಳುತ್ತಿದ್ದ ನನಗೂ ಬಂತು.

"ಅಕ್ಕಾರ, ನಮ್ಮ ಕಡೆ ಇದಕ್ಕ ಹುರುಕು ಅಂತಾರ್ರಿ," ಅಂತ ಫಕೀರಪ್ಪ ನನಗೆ ತಿಳಿವಳಿಕೆ ಕೊಟ್ಟ.

"ನಿಮ್ಮ ಕಡೆ ಏನಾದ್ರೂ ಅನ್ಕೊಳ್ಳಿ. ಅದನ್ನ ಅಲ್ಲೇ ಬಿಟ್ಟು ಬರೋಕೆ ಏನಾಗಿತ್ತು?" ಅಂದೆ, ಮೊಣಕೈ ಕೆರೆದುಕೊಳ್ಳುತ್ತಾ.

ಕಜ್ಜಿ ಕಾಣದ ಮನೆ ಒಂದೇ, ಮುಂದಿನ ಮನೆ. ಅಲ್ಲಿದ್ದವರು ಬದರೀನಾಥರು, ಅವರ ಹೆಂಡತಿ ಸೀತಾ, ಮಗಳು ಕೃಷ್ಣವೇಣಿ. ಬದರೀನಾಥರದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ, ಮನೆಯಲ್ಲಿ ಮಡಿ. ಅವರ ಮಡಿ ಪಂಚೆಯನ್ನು ಕೋಲಿನಿಂದ ಎತ್ತಿ ಸೂರಿನ ಕೆಳಗಿನ ಗಳುವಿಗೆ ಹಾಕಬೇಕು. ಆಡುವ ಮಗುವಿನ ಚೆಂಡು ತಾಗಿದರೂ ಮತ್ತೆ ಸ್ನಾನ. ನನ್ನ ನಲ್ಲಿಯ ಅರ್ಧ ನೀರು ಅವರ ಮಡಿಗೇ ಹೋಗುತ್ತಿತ್ತು, ಅದಕ್ಕೇ ನಮಗಿಬ್ಬರಿಗೂ ಎಣ್ಣೆ ಸೀಗೇಕಾಯಿ. ಹಿಂದಿನ ಕೋಣೆಯ ಹುಡುಗರನ್ನು ಅವರು ಹೆಸರು ಹಿಡಿದು ಕರೆದದ್ದನ್ನೇ ನಾನು ಕೇಳಿರಲಿಲ್ಲ. "ಹಿಂದಿನವರು" ಅನ್ನುತ್ತಿದ್ದರು, ಅದೂ ಮೂಗಿನಿಂದ.

ಆಸ್ಪತ್ರೆಯ ಡಾಕ್ಟರಮ್ಮ ಹಾಲಿನಂಥ ಬಿಳಿ ಔಷಧಿ ಕೊಟ್ಟರು. ಕತ್ತಿನಿಂದ ಕಾಲಬೆರಳವರೆಗೆ ಹಚ್ಚಿಕೊಂಡು, ಉರಿ ತಾಳಲಾರದೆ ಎಲ್ಲರೂ ಅಂಗಳದಲ್ಲಿ ಕುಣಿದೆವು. ಬಟ್ಟೆಗಳನ್ನೆಲ್ಲ ಹಂಡೆಯಲ್ಲಿ ಕುದಿಸಿದೆವು. ಸ್ವಲ್ಪ ದಿನ ಆರಾಮವಾಗಿದ್ದೆವು. ಆಮೇಲೆ ವೀರಬಸಪ್ಪ ಮತ್ತೆ ಕೆರೆದುಕೊಳ್ಳತೊಡಗಿದ, ಅವನ ಹಿಂದೆ ಫಕೀರಪ್ಪ, ಅವನ ಹಿಂದೆ ಮಕ್ಕಳು. ನಾನು ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನ ಮೇಲೆ ಹಾರಾಡಿದೆ.

ಆಕೆ ನನಗಿಂತ ಜೋರು. "ಹಾರಾಡ್ಬೇಡಿ, ಕೂತ್ಕೊಳ್ಳಿ. ಈ ಹುಳ ಹಾರೋದೂ ಇಲ್ಲ, ನೆಗೆಯೋದೂ ಇಲ್ಲ. ಸುಮ್ನೆ ಕೈ ತಾಗಿದ್ರೆ ಬರಲ್ಲ. ಚರ್ಮಕ್ಕೆ ಚರ್ಮ ಅಂಟ್ಕೊಂಡು ಒಂದಷ್ಟು ಹೊತ್ತು ಇರ್ಬೇಕು. ಮಗೂನ ಎತ್ಕೊಂಡಿರೋದು, ಒಂದೇ ಹಾಸಿಗೇಲಿ ಮಲಗೋದು, ಕೈ ಕೈ ಹಿಡ್ಕೊಂಡು ಕೂತಿರೋದು, ಹಾಗೆ. ಮೊದಲನೇ ಸಲ ಬಂದೋರಿಗೆ ತುರಿಕೆ ಶುರುವಾಗೋಕೆ ಒಂದು ತಿಂಗಳಾದ್ರೂ ಆಗುತ್ತೆ. ಅಷ್ಟರಲ್ಲಿ ಅವರು ಗೊತ್ತಿಲ್ದೇನೇ ಇನ್ನೊಬ್ಬರಿಗೆ ದಾಟಿಸಿರ್ತಾರೆ. ನಿಮ್ಮಲ್ಲಿ ಯಾರೋ ಒಬ್ಬರು ಔಷಧಿ ಹಚ್ಕೊಂಡಿಲ್ಲ, ಮುಚ್ಚಿಟ್ಟಿದ್ದಾರೆ. ಅವರೊಬ್ಬರಿರೋ ತನಕ ಇದು ಹೋಗಲ್ಲ. ಭಾನುವಾರ ಬೆಳಿಗ್ಗೆ ನಾನೇ ಬರ್ತೀನಿ. ಒಬ್ಬೊಬ್ಬರ ಕೈಯೂ ನೋಡ್ತೀನಿ."

ವಾಪಸು ಬಂದಾಗ ನಲ್ಲಿಯ ಹತ್ತಿರ ಕೃಷ್ಣವೇಣಿ ಬಿಂದಿಗೆ ತುಂಬಿಸುತ್ತಿದ್ದಳು. ಯಶವಂತಪುರದ ಒಂದು ಆಫೀಸಿನಲ್ಲಿ ಟೈಪಿಸ್ಟು ಆಕೆ, ಕೈಬೆರಳುಗಳು ಯಾವಾಗಲೂ ಏನೋ ಒಂದನ್ನು ಕುಟ್ಟುತ್ತಲೇ ಇರುತ್ತಿದ್ದವು. ಅವತ್ತು ಒಂದು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಒಂಟಿ ಕೈಯಲ್ಲಿ ಬಿಂದಿಗೆ ಎತ್ತಲು ಹೆಣಗುತ್ತಿದ್ದಳು. ಆ ಕೈ ಹಿಡಿದೆಳೆದೆ. ಬೆರಳ ಸಂದಿಯಲ್ಲೆಲ್ಲ ಪೆನ್ಸಿಲಿನಲ್ಲಿ ಗೀಚಿದ ಹಾಗೆ ಸಣ್ಣ ಸಣ್ಣ ಗೆರೆ.

"ಯಾರಿಂದಮ್ಮಾ?" ಅಂದೆ.

ಅಳುತ್ತಾಳೆ ಅಂದುಕೊಂಡಿದ್ದೆ. ಕಿಸಕ್ಕನೆ ನಕ್ಕಳು. "ಯಶವಂತಪುರದ ಟೆಂಟಲ್ಲಿ ಒಂದು ಸಿನಿಮಾ ನೋಡಿದ್ವಿ ರತ್ನಕ್ಕ. ತುಂಬಾ ಉದ್ದದ ಸಿನಿಮಾ."

"ಯಾರ ಜೊತೆ?"

ಕಣ್ಣು ಹಿಂದಿನ ಕೋಣೆಯ ಕಡೆ ಹೋಗಿ ಬಂತು. ವೀರಬಸಪ್ಪ! ಎದುರಿಗೆ ಬಂದರೆ ನೆಲ ನೋಡಿಕೊಂಡು ಹೋಗುವ, ಹಣೆಯ ತುಂಬ ವಿಭೂತಿ ಬಳಿದುಕೊಳ್ಳುವ ವೀರಬಸಪ್ಪ!

"ಒಂದೇ ಸಿನಿಮಾನಾ?"

"ಅಲ್ಲಿ ಸಿನಿಮಾ ಬದಲಾಯಿಸ್ತಾನೇ ಇರ್ತಾರೆ ರತ್ನಕ್ಕ," ಅಂದಳು. ನನಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ಬಚ್ಚಲ ಗೋಡೆಗೆ ಒರಗಿ ನಕ್ಕೆವು, ನಗುತ್ತಲೇ ಕೆರೆದುಕೊಂಡೆವು.

ಆಮೇಲೆ ಅವಳ ಮುಖ ಇಳಿದುಹೋಯಿತು. ಭಾನುವಾರ ಸಂಜೆಯೇ ಮಲ್ಲೇಶ್ವರದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಕೈ ತೋರಿಸಿದರೆ ಯಾರಿಂದ ಬಂತು ಅಂತ ಇಡೀ ವಠಾರಕ್ಕೆ ಗೊತ್ತಾಗುತ್ತದೆ. ಅಪ್ಪನ ಕಿವಿಗೆ ಬಿದ್ದರೆ ಕೆಲಸ ಬಿಡಿಸಿ, ಸೋದರತ್ತೆಯ ಊರಿಗೆ ಕಳಿಸಿ, ಬಾಗಿಲು ಹಾಕಿಬಿಡುತ್ತಾರೆ.

"ಮುಚ್ಚಿಟ್ಕೊಂಡ್ರೆ?" ಅಂದೆ. ಹುಡುಗಿಯ ಮೇಲೆ ನನಗೆ ಅಷ್ಟು ಪ್ರೀತಿ, ಬಾಯಿಗೆ ಬಂದುಬಿಟ್ಟಿತು.

"ಆ ಮಕ್ಕಳು ಕೆರ್ಕೊಂಡು ಕೆರ್ಕೊಂಡು ರಕ್ತ ಬರಿಸ್ಕೋತಿದ್ದಾವೆ ರತ್ನಕ್ಕ. ನನ್ನಿಂದ," ಅಂದಳು. ಬಿಂದಿಗೆ ಎತ್ತಿಕೊಂಡು ಹೋದಳು.

ಭಾನುವಾರ ಡಾಕ್ಟರಮ್ಮ ದೊಡ್ಡ ಸೀಸೆ ಹಿಡಿದುಕೊಂಡು ಬಂದರು. ಅಂಗಳದಲ್ಲಿ ಗಂಡಸರೆಲ್ಲ ಸೊಂಟಕ್ಕೆ ಟವಲ್ಲು ಸುತ್ತಿಕೊಂಡು ಸಾಲಾಗಿ ನಿಂತಿದ್ದರು, ತಿರುಪತಿಯಲ್ಲಿ ಮುಡಿ ಕೊಡಲು ನಿಂತವರಂತೆ. ಹೆಂಗಸರು ಔಷಧಿ ಹಚ್ಚಿಕೊಳ್ಳಲು ನನ್ನ ಮನೆಯೊಳಗೆ ಏರ್ಪಾಡಾಗಿತ್ತು. ಎಲ್ಲರ ಕೈ ನೋಡಿ ಮುಗಿಯುವ ಹೊತ್ತಿಗೆ ಮುಂದಿನ ಮನೆಯ ಬಾಗಿಲು ತೆಗೆಯಿತು. ಕೃಷ್ಣವೇಣಿ ನೆಟ್ಟಗೆ ನಡೆದು ಬಂದು ಡಾಕ್ಟರಮ್ಮನ ಮುಂದೆ ಎರಡೂ ಕೈ ಚಾಚಿದಳು.

"ಹಾಂ, ಇಲ್ಲಿದೆ ನೋಡಿ," ಅಂದರು ಡಾಕ್ಟರಮ್ಮ.

ಮಧ್ಯದ ಮನೆಯ ದಾನವ್ವನ ನಾಲಿಗೆಗೆ ಎಲುಬೇ ಇಲ್ಲ. "ಅಲ್ರೀ, ಅವರ ಮನ್ಯಾಗ ಮತ್ಯಾರಿಗೂ ಇಲ್ಲ. ಇಕಿಗೆ ಹೆಂಗ ಬಂತು? ಯಾರ ಕೈ ಹಿಡಕೊಂಡು ಕುಂತಿದ್ಲಂತ?"

ಅಂಗಳದಲ್ಲಿ ಕೆರೆದುಕೊಳ್ಳುವ ಸದ್ದೂ ನಿಂತುಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ವೀರಬಸಪ್ಪನ ಕಡೆ ತಿರುಗಿದರು. ಅವನು ಕಿವಿಯಿಂದ ಎದೆಯವರೆಗೆ ಕೆಂಪಾಗಿದ್ದ. ಒಂದು ಕೈಯಲ್ಲಿ ಟವಲ್ಲು ಬಿಗಿಹಿಡಿದು ಒಂದು ಹೆಜ್ಜೆ ಮುಂದೆ ಬಂದ. "ಸರ, ನಾನ..." ಅಂದ.

"ನನ್ನಿಂದ ಬಂತು," ಅಂತ ಯಾರೋ ಅಂದರು.

ಬದರೀನಾಥರು ಬಾಗಿಲಲ್ಲಿ ನಿಂತಿದ್ದರು. ಮಡಿ ಪಂಚೆ, ಹಣೆಯಲ್ಲಿ ಅಂಗಾರ, ಅಕ್ಷತೆ. ಅವರು ಮಗಳ ಮುಖ ನೋಡಿದರು, ಆ ಹುಡುಗನ ಮುಖ ನೋಡಿದರು. ಅಷ್ಟರಲ್ಲೇ ಅವರಿಗೆ ಎಲ್ಲ ಅರ್ಥವಾದದ್ದು ನನಗೂ ಕಾಣಿಸಿತು. ಅಂಗಳಕ್ಕಿಳಿದು ಬಂದರು.

"ಹೋದ ತಿಂಗಳು ಹಗ್ಗದ ಮೇಲೆ ಫಕೀರಪ್ಪನ ಟವಲ್ಲಿತ್ತು. ಕನ್ನಡಕ ಇರ್ಲಿಲ್ಲ, ನಂದೇ ಅಂದ್ಕೊಂಡು ಅದರಲ್ಲೇ ಮೈ ಒರಸ್ಕೊಂಡೆ. ಮಗಳಿಗೆ ನಾನೇ ಅಂಟಿಸಿದ್ದು. ಇನ್ನೇನಾದ್ರೂ ಕೇಳೋದಿದ್ಯಾ ದಾನವ್ವ?"

ಸೀತಾ ಒಳಗೆ "ಅಯ್ಯೋ ರಾಯರೇ" ಅಂತ ಕೂತುಬಿಟ್ಟರು. ಚೆಂಡು ತಾಗಿದರೆ ಸ್ನಾನ ಮಾಡುವ ಮನುಷ್ಯ, ಊರೆದುರು ನಿಂತು ಹಿಂದಿನವರ ಟವಲ್ಲಿನಲ್ಲಿ ಮೈ ಒರೆಸಿಕೊಂಡೆ ಅನ್ನುತ್ತಿದ್ದಾರೆ! ಹಾಳಾದ ಫಕೀರಪ್ಪ ಮಾತ್ರ ಹಲ್ಲು ಬಿಟ್ಟುಕೊಂಡು, "ಸರ, ನಂದ ಟವಲ್ಲ ಹಗ್ಗದ ಮ್ಯಾಲೆ ಹಾಕೂದ ಇಲ್ರಿ, ಅದು ಯಾವಾಗಲೂ ನನ್ನ ಹೆಗಲ ಮ್ಯಾಲೆ..." ಅಂತ ಶುರು ಮಾಡಿದ. ಅವನ ತೋಳು ಜಿಗುಟಿದೆ, ಕಜ್ಜಿಯ ಮೇಲೆಯೇ. ಕೂಗಿಕೊಂಡು ಸುಮ್ಮನಾದ.

ಡಾಕ್ಟರಮ್ಮ ಬದರೀನಾಥರ ಬೆರಳುಗಳನ್ನು ಬಿಡಿಸಿ ಬಿಡಿಸಿ ನೋಡಿದರು. ದಿನಕ್ಕೆ ನೂರು ಸಲ ತೊಳೆದ ಕೈ. ಪಕ್ಕದಲ್ಲಿದ್ದ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, "ನಿಮಗೇನೂ ಇಲ್ವಲ್ಲ ಸ್ವಾಮಿ. ಟವಲ್ಲಿಂದ ಬರೋದೂ ಅಪರೂಪ," ಅಂದರು.

"ಇದೆ. ಹಚ್ಚಿ."

"ತುಂಬಾ ಉರಿಯುತ್ತೆ."

"ಉರೀಲಿ," ಅಂದರು ಬದರೀನಾಥರು. ಫಕೀರಪ್ಪನ ಕಡೆ ತಿರುಗಿ, ಮೊದಲನೇ ಸಲ ಅವನನ್ನು ಮುಖ ನೋಡಿ ಹೆಸರು ಹಿಡಿದು ಕರೆದರು. "ಫಕೀರಪ್ಪ, ಔಷಧಿ ಹಚ್ಕೊಂಡ ಮೇಲೆ ಮಲ್ಲೇಶ್ವರಕ್ಕೆ ಹೋಗಿ, ಸಂಜೆ ಬರೋದು ಬೇಡ ಅಂತ ಹೇಳಿ ಬಾ. ವಿಳಾಸ ಕೊಡ್ತೀನಿ. ಹುಡುಗಿಗೆ ಕಜ್ಜಿ ಅನ್ಬೇಡ. ಹುಡುಗಿ ಅಪ್ಪನಿಗೆ ಕಜ್ಜಿ ಅನ್ನು."

"ಆಮ್ಯಾಲೆ ಯಾವಾಗ ಬರ್ಲಿ ಅಂತ ಹೇಳ್ಲಿರಿ?"

"ಅದನ್ನ ಹೇಳೋದು ಬೇಡ."

ಕೃಷ್ಣವೇಣಿ ಅಪ್ಪನ ತೋಳಿಗೆ ಮುಖ ಒತ್ತಿ ಅತ್ತಳು. ಈಗ ಅಳುವುದಕ್ಕೆ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವರು ಮಗಳನ್ನು ಒಳಗೆ ಕಳಿಸಿ, ಹೊದ್ದ ವಸ್ತ್ರ ತೆಗೆದು ನನ್ನ ಕೈಗೇ ಕೊಟ್ಟರು. ನಾನು ಮುಟ್ಟಿದ ಮೇಲೆ ಆ ಮಡಿಯ ಗತಿ ಏನು ಅಂತ ಅವರಿಗೂ ಗೊತ್ತು, ನನಗೂ ಗೊತ್ತು. ತಾವೇ ಔಷಧಿ ಸುರಿದುಕೊಂಡು ತೋಳಿಗೆ, ಎದೆಗೆ, ಹೊಟ್ಟೆಗೆ ಬಳಿದುಕೊಂಡರು. ಉರಿಗೆ ಕಣ್ಣಲ್ಲಿ ನೀರು ಬಂದರೂ ನಾವು ಕುಣಿದ ಹಾಗೆ ಕುಣಿಯಲಿಲ್ಲ, ಬರೀ ಹಿಮ್ಮಡಿ ಎತ್ತಿ ಎತ್ತಿ ಇಳಿಸಿದರು. ಆಮೇಲೆ ಬೆನ್ನು ಬಾಗಿಸಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು.

"ವೀರಬಸಪ್ಪ, ಬಾ ಇಲ್ಲಿ. ಬೆನ್ನಿಗೆ ಹಚ್ಚು."

ಹುಡುಗ ಸೀಸೆ ಹಿಡಿದು ಅವರ ಹಿಂದೆ ಬಂದ. ಗಡಿಬಿಡಿಯಲ್ಲಿ ಸುರಿದು ಅರ್ಧ ಔಷಧಿ ನೆಲದ ಪಾಲು ಮಾಡಿದ. ಜನಿವಾರವನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿ, ಮುಟ್ಟಲೋ ಬೇಡವೋ ಅಂತ ಅಂಗೈಯನ್ನು ಅವರ ಬೆನ್ನಿಗೆ ಆನಿಸಿದ.

"ನೆಟ್ಟಗೆ ತಿಕ್ಕೋ," ಅಂದರು ಬದರೀನಾಥರು, ಮುಂದಕ್ಕೇ ನೋಡುತ್ತಾ. "ಅಳಿಯ ಆದೆ ಅಂದ್ಕೊಂಡು ಬೀಗಬೇಡ. ಬೆನ್ನಿಗೆ ನನ್ನ ಕೈ ನಿಲುಕಲ್ಲ, ಅಷ್ಟೆ."