ಗಾಳಿಯಕ್ಕನ ಆಯ್ಕೆ

ಯಾರ ಮನೆಗೆ ಹೋದರೂ ಗಾಳಿಯಕ್ಕ ಮೊದಲು ನೋಡುತ್ತಿದ್ದುದು ಮನೆಯವರ ಮುಖವನ್ನಲ್ಲ, ಚಾವಣಿಯನ್ನು. ಹೊಸ್ತಿಲು ದಾಟಿ ಎರಡು ಹೆಜ್ಜೆ ಇಟ್ಟು, ಕತ್ತನ್ನು ತುಸು ವಾರೆ ಮಾಡಿ, ಮೇಲಿನಿಂದ ಯಾರೋ ಮೆಲ್ಲನೆ ಕರೆದಂತೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಆಮೇಲೆ ಬಲಗೈಯನ್ನು ಮಗುಚಿ, ಮಗುವಿನ ಹಣೆ ಮುಟ್ಟಿ ಜ್ವರ ನೋಡುವವರ ಹಾಗೆ, ಅದರ ಹಿಂಬದಿಯನ್ನು ಗಾಳಿಕಿಂಡಿಯ ಕೆಳಗೆ ಹಿಡಿಯುತ್ತಿದ್ದರು. ಇಷ್ಟು ಮುಗಿದ ಮೇಲೆಯೇ "ಎಲ್ಲಾ ಚೆನ್ನಾಗಿದೀರಾ?" ಎಂಬ ಕುಶಲಪ್ರಶ್ನೆ. ಪರಿಚಯವಿಲ್ಲದವರು ಇದನ್ನು ಜಂಬವೆಂದು ತಿಳಿದು ಮುಖ ಗಂಟಿಕ್ಕಿಕೊಳ್ಳುತ್ತಿದ್ದರು. ಪರಿಚಯವಿದ್ದವರು ಅವರ ಕೈ ಕೆಳಗಿಳಿಯುವವರೆಗೆ ಕುರ್ಚಿ ತೋರಿಸುವ ಗೋಜಿಗೇ ಹೋಗುತ್ತಿರಲಿಲ್ಲ.

ಊರಿನ ದೊಡ್ಡಾಸ್ಪತ್ರೆಯ ತಾರಸಿಯ ಮೇಲೆ, ರೋಗಿಗಳಾಗಲಿ ವೈದ್ಯರಾಗಲಿ ಎಂದೂ ಕಾಲಿಡದ ಒಂದು ಯಂತ್ರಶಾಲೆಯಿದೆ. ಇಡೀ ಆಸ್ಪತ್ರೆಯ ಗಾಳಿಯನ್ನು ಎಳೆದು, ಸೋಸಿ, ಹದಗೊಳಿಸಿ, ಮತ್ತೆ ವಾರ್ಡು ವಾರ್ಡಿಗೂ ಕಳಿಸುವ ಯಂತ್ರಗಳು ಅಲ್ಲಿ ಹಗಲಿರುಳೂ ಗುಂಯ್‌ಗುಡುತ್ತವೆ. ಅವುಗಳ ಆರೈಕೆಯಲ್ಲಿ ಅಕ್ಕ ಇಪ್ಪತ್ತೇಳು ವರ್ಷ ಕಳೆದಿದ್ದರು. ಹೆಸರು ಬಂದದ್ದು ಹಾಗೆ. ಅದನ್ನು ಮೊದಲ ಸಲ ಕೇಳಿದವರು ಗಾಳಿ ಮೆಟ್ಟಿದವರನ್ನು ಬಿಡಿಸುವ ಹೆಂಗಸಿರಬೇಕೆಂದು ಭಾವಿಸುವುದುಂಟು. ಒಮ್ಮೆ ಒಬ್ಬಾಕೆ ಸದಾ ಮಂಕಾಗಿರುವ ತನ್ನ ಗಂಡನನ್ನು ಕರೆದುಕೊಂಡೇ ಬಂದಿದ್ದಳಂತೆ. ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವರು ಮಲಗೋ ಕೋಣೇಲಿ ಕಿಟಕಿ ಇದೆಯೇನಮ್ಮ?" ಎಂದು ಕೇಳಿದರಂತೆ. ಇರಲಿಲ್ಲ. ಗೋಡೆ ಒಡೆಸಿ ಒಂದು ಕಿಟಕಿ ಇಡಿಸಿದ ಮೇಲೆ ಆತ ಸಾಕಷ್ಟು ಗೆಲುವಾದನೆಂದು ಅಕ್ಕ ನಗದೇ ಹೇಳುತ್ತಿದ್ದರು.

ಮೊಣಕಾಲಿಗೆ ತಾಗುವ ಬೂದುಬಣ್ಣದ ಕೋಟು, ಅದರ ಒಂದು ಜೇಬಿನಲ್ಲಿ ಉಕ್ಕಿನ ಅಳತೆಪಟ್ಟಿ, ಇನ್ನೊಂದರಲ್ಲಿ ಟಾರ್ಚು ಮತ್ತು ಬೆರಳಗಲದ ತೆಳುಕಾಗದದ ಚೂರುಗಳು. ಯಂತ್ರಗಳ ನಡುವಿನ ಇಕ್ಕಟ್ಟು ಹಲಗೆಗಳ ಮೇಲೆ ಓಡಾಡಿದ ಅಭ್ಯಾಸದಿಂದಲೋ ಏನೋ, ವಿಶಾಲವಾದ ಬೀದಿಯಲ್ಲೂ ಒಂದು ಪಾದದ ಮುಂದೆ ಇನ್ನೊಂದನ್ನು ನೇರವಾಗಿ ಇಡುತ್ತ, ದಾರದ ಮೇಲೆ ನಡೆಯುವವರಂತೆ ಬರುತ್ತಿದ್ದರು. ಮಾತು ಕಡಿಮೆ. ಯಾವ ವಿಷಯಕ್ಕೂ ತಟ್ಟನೆ ಹೌದು ಎಂದವರಲ್ಲ, ಅಲ್ಲ ಎಂದವರೂ ಅಲ್ಲ. "ಕೂತು ನೋಡೋಣ" ಎನ್ನುತ್ತಿದ್ದರು. ಅದು ಬಾಯಿಮಾತಲ್ಲ. ಯಂತ್ರವೊಂದು ಕೆಟ್ಟಿದೆಯೆಂದರೆ ಅದರ ಪಕ್ಕದಲ್ಲಿ ಸ್ಟೂಲು ಹಾಕಿ ಒಂದು ಗಂಟೆ ಕೂರದೆ ಅವರು ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಿರಲಿಲ್ಲ. ಮೇಲಧಿಕಾರಿಗಳು ಬಂದು ತಲೆಯ ಮೇಲೆ ನಿಂತರೂ ಅಷ್ಟೇ.

ನನಗೆ ಅವರ ಒಡನಾಟ ದೊರೆತದ್ದು ಅವರ ತಮ್ಮನಿಂದ. ಬಸ್ ಚಾಲಕನಾದ ಆತ ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನಮ್ಮ ಎದುರುಮನೆಯನ್ನು ಕೊಂಡು ಬಂದ. ಹಳೆಯ ಮನೆ, ಇಡೀ ಮನೆಗೆ ಒಂದೇ ಏಸಿ: ಹೊರಗೆ ಹಿತ್ತಿಲಲ್ಲಿ ಸೆಖೆ ಹೊರಹಾಕುವ ಒಂದು ಕಬ್ಬಿಣದ ಪೆಟ್ಟಿಗೆ, ಒಳಗೆ ಅಡುಗೆಮನೆಯ ಪಕ್ಕದ ಗೂಡಿನಲ್ಲಿ ಇನ್ನೊಂದು. ಈ ಒಳಗಿನದೇ ಏರ್ ಹ್ಯಾಂಡ್ಲರ್: ಮನೆಯ ಗಾಳಿಯನ್ನೆಲ್ಲ ಎಳೆದುಕೊಂಡು, ತಂಪು ಮಾಡಿ, ಅಟ್ಟದ ಮೇಲಿನ ತಗಡಿನ ಕೊಳವೆಗಳ ಮೂಲಕ ಕೋಣೆಗಳಿಗೆ ಹಂಚುವ ಯಂತ್ರ. ಬಂದ ವರ್ಷದ ಬೇಸಗೆಯಲ್ಲಿ ಅದರ ತಾಮ್ರದ ಸುರುಳಿ ತೂತುಬಿದ್ದು, ಫ್ಯಾನು ತಿರುಗಿದರೂ ತಂಪೆಂಬುದೇ ಇಲ್ಲವಾಯಿತು. ಸರಿಯಾಗಿ ಅದೇ ವಾರ ಆತನ ಹೆಂಡತಿಗೆ ಎರಡು ತಿಂಗಳು ಮೊದಲೇ ಹೆರಿಗೆಯಾಯಿತು.

ಹೆಣ್ಣುಮಗು. ಅಂಗೈ ಮತ್ತು ಮೊಣಕೈ ನಡುವೆ ಹಿಡಿಸುವಷ್ಟು. ದೊಡ್ಡಾಸ್ಪತ್ರೆಯ ಎಳೆಕೂಸುಗಳ ವಾರ್ಡಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮೂರು ವಾರ ಕಳೆದ ಮೇಲೆ ವೈದ್ಯರು, ಇನ್ನು ಹತ್ತು ಹನ್ನೆರಡು ದಿನಗಳಲ್ಲಿ ಮನೆಗೆ ಕರೆದುಕೊಂಡು ಹೋಗಬಹುದು, ಆದರೆ ಕೋಣೆ ಒಂದೇ ಹದದಲ್ಲಿರಬೇಕು, ಸೆಖೆಯೂ ಬೇಡ, ಕೊರೆಯುವ ಚಳಿಯೂ ಬೇಡ, ಧೂಳಂತೂ ಕೂಡದು ಎಂದರು. ಮಗುವಿಗೆಂದು ಬಣ್ಣ ಬಳಿಸಿ ಇಟ್ಟಿದ್ದ ಹಿಂದಿನ ಕೋಣೆಯಾದರೋ ಯಂತ್ರ ಚೆನ್ನಾಗಿದ್ದಾಗಲೂ ಎಂದೂ ತಂಪಾದದ್ದಿಲ್ಲ. ಕೈಯಲ್ಲಿದ್ದ ದುಡ್ಡು ಆಸ್ಪತ್ರೆಗೆ ಅರ್ಧಕ್ಕರ್ಧ ಕರಗಿತ್ತು. ಆತ ಅಕ್ಕನಿಗೆ ಹೇಳಿಕಳಿಸಿದ.

ಹೊಸ ಯಂತ್ರ ನೋಡಲು ಮೂವರೂ ಅಂಗಡಿಗೆ ಹೋದದ್ದು ನನ್ನ ವ್ಯಾನಿನಲ್ಲಿ. ಟೈ ಕಟ್ಟಿದ ಮಾರಾಟಗಾರ ಎಲ್ಲಕ್ಕಿಂತ ದೊಡ್ಡ ಯಂತ್ರದ ಹೆಗಲ ಮೇಲೆ ಕೈಯಿಟ್ಟು, "ಮಗು ಇರೋ ಮನೆ ಅಂತೀರಿ ಸರ್. ಇಂಥದ್ರಲ್ಲಿ ಕೈ ಬಿಗಿ ಮಾಡಬಾರದು. ಕಂತಿನಲ್ಲೂ ಕೊಡ್ತೀವಿ. ಇದಕ್ಕೆ ಹೊಂದೋ ಹಾಗೆ ಹೊರಗಿನ ಪೆಟ್ಟಿಗೇನೂ ಬದಲಾಯಿಸಿಬಿಡಿ," ಎಂದ.

ತಮ್ಮ ತಲೆಯಾಡಿಸುತ್ತಿದ್ದ. ಅಕ್ಕ ಕೇಳಿದರು: "ನೀವು ಮನೆ ನೋಡಿದೀರಾ?"

"ಇಲ್ಲ ಮೇಡಂ."

"ಅಳತೆ ತಗೊಳ್ಳದೆ ಅಂಗಿ ಹೊಲಿಯೋರನ್ನ ನಾನು ಕಂಡಿಲ್ಲಪ್ಪ. ಹೊರಗಿನ ಪೆಟ್ಟಿಗೆ ಇನ್ನೂ ಗಟ್ಟಿಯಾಗಿದೆ. ಮನೆಗೆ ಮೀರಿದ ಯಂತ್ರ ಇಟ್ರೆ ಐದು ನಿಮಿಷದಲ್ಲಿ ಕೊರೆದು ನಿಂತುಬಿಡುತ್ತೆ. ಗಾಳೀಲಿರೋ ತೇವ ಹಾಗೇ ಉಳಿಯುತ್ತೆ, ಗೋಡೆ ಬೆವರುತ್ತೆ, ಬೂಷ್ಟು ಹಿಡಿಯುತ್ತೆ. ಎಳೆ ಶ್ವಾಸಕೋಶಕ್ಕೆ ಅದಕ್ಕಿಂತ ಕೆಟ್ಟದ್ದಿಲ್ಲ." ನಂತರ ತಮ್ಮನ ಕಡೆ ತಿರುಗಿ, "ಇವತ್ತು ಏನೂ ಬೇಡ. ಕೂತು ನೋಡೋಣ," ಎಂದು ಹೊರಗೆ ನಡೆದರು.

ವ್ಯಾನಿನಲ್ಲಿ ತಮ್ಮನ ಸಹನೆಯ ಕಟ್ಟೆಯೊಡೆಯಿತು. ಮಗುವಿಗಾಗಿ ಒಂಬತ್ತು ವರ್ಷ ಕಾದ ಮನುಷ್ಯ. ನಿದ್ದೆಯಿಲ್ಲದೆ ಕಣ್ಣು ಕೆಂಡವಾಗಿದ್ದವು. "ಎಲ್ಲದಕ್ಕೂ ಕೂತು ನೋಡೋಣ ಅಂದ್ರೆ ಹೇಗಕ್ಕ? ನಾನೇನು ನಿನ್ನ ದುಡ್ಡು ಕೇಳಿದ್ನಾ? ಸಾಲ ಮಾಡಿಯಾದ್ರೂ ದೊಡ್ಡದೇ ಹಾಕಿಸ್ತೀನಿ. ನಿನಗೂ ಒಂದು ಮಗು ಇದ್ದಿದ್ರೆ ಗೊತ್ತಾಗ್ತಿತ್ತು."

ಅಂದ ಮರುಕ್ಷಣವೇ ಆಡಬಾರದ್ದನ್ನು ಆಡಿದೆನೆಂದು ಅವನಿಗೆ ಹೊಳೆದಿರಬೇಕು. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡು, ಈ ತಮ್ಮನನ್ನೇ ಓದಿಸಿ ದಡ ಮುಟ್ಟಿಸಿದ ಅಕ್ಕ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಆಮೇಲೆ ನನ್ನನ್ನು ಕೇಳಿದರು: "ನಿಮ್ಮ ಮನೇಲಿ ಏಣಿ ಇದೆಯಾ? ನಾಳೆ ಬೆಳಿಗ್ಗೆ ಬೇಕಿತ್ತು."

ಅಂದು ಸಂಜೆ ಆಸ್ಪತ್ರೆಯಲ್ಲಿ ಆತ ಹೆಂಡತಿಯೆದುರು ಅಕ್ಕನ ಜಿಪುಣತನದ ಬಗ್ಗೆ ಗೊಣಗಿದನಂತೆ. ಆಕೆ ಗಾಜಿನ ಪೆಟ್ಟಿಗೆಯಿಂದ ಕಣ್ಣು ತೆಗೆಯದೆ, "ಈ ವಾರ್ಡಿನ ಗಾಳಿ ಎಲ್ಲಿಂದ ಬರುತ್ತೆ ಅಂತ ನರ್ಸಮ್ಮನ್ನ ಕೇಳಿದೆ. ಮೇಲೆ ತಾರಸಿಯಿಂದ ಅಂದ್ರು. ನಮ್ಮ ಮಗು ಹುಟ್ಟಿದಾಗಿನಿಂದ ಉಸಿರಾಡ್ತಿರೋದು ಅಕ್ಕ ನೋಡ್ಕೊಳ್ಳೋ ಗಾಳೀನ. ಅವರು ಹೇಳಿದ ಹಾಗೆ ಮಾಡಿ," ಎಂದಳಂತೆ. ಇದನ್ನು ಆತನೇ ನನಗೆ ಹೇಳಿದ್ದು, ಬಹಳ ದಿನಗಳ ಮೇಲೆ, ತಲೆ ತಗ್ಗಿಸಿಕೊಂಡು.

ಮಾರನೆಯ ಬೆಳಿಗ್ಗೆ ನಾನು ಏಣಿ ಹೊತ್ತುಕೊಂಡು ಹೋದಾಗ ಅಕ್ಕ ಕೋಟಿನ ಗುಂಡಿ ಹಾಕಿಕೊಂಡು ಸಿದ್ಧವಾಗಿದ್ದರು. ಐವತ್ತಾರರ ವಯಸ್ಸು, ಅಟ್ಟದ ಸೆಖೆಯೋ ಒಲೆಯ ಬಾಯಿ. ಅಂಬೆಗಾಲಿಡುತ್ತ ಕತ್ತಲೊಳಗೆ ಹೊಕ್ಕವರ ಟಾರ್ಚಿನ ಬೆಳಕು ಮಾತ್ರ ಕೆಳಗಿದ್ದ ನಮಗೆ ಆಗಾಗ ಕಾಣುತ್ತಿತ್ತು. "ಫ್ಯಾನ್ ಹಾಕು," ಎಂಬ ಕೂಗು ಬಂತು. ತಮ್ಮ ಹಾಕಿದ. ಟಾರ್ಚಿನ ಬೆಳಕು ಹಿಂದಿನ ಕೋಣೆಯ ಕಡೆಗೆ ಮೆಲ್ಲನೆ ಸರಿಯಿತು. ನಂತರ, "ಬಾರೋ ಮೇಲೆ," ಎಂದರು.

ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತು ನಾನೂ ಇಣುಕಿದೆ. ಹಿಂದಿನ ಕೋಣೆಗೆ ಹೋಗಬೇಕಾದ ಕೊಳವೆ ನಡುವಿನ ಒಂದು ಕೀಲಿನಲ್ಲಿ ಕಳಚಿ, ಅಂಗೈಯಗಲ ಬಾಯಿ ತೆರೆದು ಬಿದ್ದಿತ್ತು. ಅಕ್ಕ ಅದರ ಮುಂದೆ ಹಿಡಿದ ಕಾಗದದ ಚೂರು ಪಟಪಟನೆ ಬಡಿದುಕೊಳ್ಳುತ್ತಿತ್ತು. "ಕೈ ಇಡು," ಎಂದರು. ಆತ ಇಟ್ಟ. ಎಷ್ಟು ವರ್ಷದಿಂದಲೋ ಆ ಕೋಣೆಯ ತಂಪೆಲ್ಲ ಈ ಅಟ್ಟದ ಇಲಿಗಳ ಪಾಲಾಗುತ್ತಿತ್ತು.

"ಯಂತ್ರ ಸಾಲದೇ ಸೆಖೆಯಾದದ್ದಲ್ಲ ಕಣೋ. ಗಾಳಿ ದಾರಿ ತಪ್ಪಿತ್ತು."

ಆತ ಏನೋ ಹೇಳಲು ಹೋದ. ಅಕ್ಕ ಲೋಹದ ಟೇಪಿನ ಸುರುಳಿಯನ್ನು ಅವನ ಕೈಗೆ ತುರುಕಿ, "ಆ ತುದಿ ಹಿಡ್ಕೋ, ಸುಕ್ಕು ಬೀಳಬಾರದು," ಎಂದರು. ಅಕ್ಕತಮ್ಮ ಇಬ್ಬರೂ ಮೊಣಕಾಲೂರಿ, ಕೀಲು ಕೀಲಿಗೂ ಗಟ್ಟಿ ಅಂಟು ಮೆತ್ತಿ ಟೇಪು ಸುತ್ತಿ ಮಧ್ಯಾಹ್ನ ಕೆಳಗಿಳಿದಾಗ, ಹಿಟ್ಟಿನ ಗಿರಣಿಯಿಂದ ಬಂದವರಂತೆ ಇಬ್ಬರ ಹುಬ್ಬುಗಳೂ ಬೆಳ್ಳಗಾಗಿದ್ದವು. ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಆಮೇಲೆ ಅಕ್ಕ ಪ್ರತಿ ಕೋಣೆಯ ಉದ್ದಗಲ, ಕಿಟಕಿಗಳ ದಿಕ್ಕು, ಹೊರಗಿನ ಪೆಟ್ಟಿಗೆಯ ಮೇಲಿನ ಅಂಕಿಗಳು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡರು.

ಎರಡನೆಯ ಸಲ ಅಂಗಡಿಗೆ ಹೋದಾಗ ಮಾರಾಟಗಾರನೇ ಸ್ವಲ್ಪ ಹಿಂಜರಿದ. ಅಳತೆಗೂ ಜೇಬಿಗೂ ಒಗ್ಗುವ ಮೂರು ಯಂತ್ರಗಳಿದ್ದವು. ಎಲ್ಲಕ್ಕಿಂತ ಅಗ್ಗದ್ದರ ಬಾಗಿಲು ತೆಗೆಸಿ ಅಕ್ಕ ಟಾರ್ಚು ಬಿಟ್ಟರು. ಸುರುಳಿಯಿಂದ ತೊಟ್ಟಿಕ್ಕುವ ನೀರು ಹಿಡಿಯುವ ತಟ್ಟೆ ತೆಳು ತಗಡಿನದು. "ಎರಡು ವರ್ಷಕ್ಕೆ ತುಕ್ಕು. ಬೇಡ." ಎರಡನೆಯದಕ್ಕೆ ಬಣ್ಣದ ದೀಪಗಳು, ರಿಮೋಟು ಎಲ್ಲ ಇದ್ದವು, ಆದರೆ ಫಿಲ್ಟರ್ ಕೂರುವ ಸಂದು ಬೆರಳಿನಷ್ಟೂ ಅಗಲವಿಲ್ಲ. "ಇದರಲ್ಲಿ ಸೊಳ್ಳೆ ಸಿಕ್ಕೀತು, ಧೂಳು ಸಿಗಲ್ಲ." ಮೂರನೆಯದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಗಾಡಿಯಿಂದ ಇಳಿಸುವಾಗ ಉರುಳಿ ಪಕ್ಕದ ತಗಡು ನೆಗ್ಗಿದ್ದರಿಂದ ಅದರ ಬೆಲೆ ಇಳಿಸಿದ್ದರು. ತಟ್ಟೆ ಗಟ್ಟಿ ಪ್ಲಾಸ್ಟಿಕ್ಕಿನದು, ಫಿಲ್ಟರಿನ ಸಂದು ನಾಲ್ಕು ಬೆರಳಗಲ, ಮೆಲ್ಲಗೆ ಶುರುವಾಗಿ ಮೆಲ್ಲಗೇ ತಿರುಗಬಲ್ಲ ಮೋಟಾರು.

"ನೆಗ್ಗಿದೆಯಲ್ಲಕ್ಕ," ಎಂದ ತಮ್ಮ, ಹೊಸ ಕೂಸಿಗೆ ಹಳೆ ಬಟ್ಟೆ ತೊಡಿಸುವವನ ಸಂಕಟದಿಂದ.

"ಗೂಡಿನೊಳಗೆ ಕೂರೋದು. ಮೆರವಣಿಗೆಗೆ ಕಳಿಸ್ತೀವಾ?" ಎಂದು ಅಕ್ಕ ಅದನ್ನು ಅಲ್ಲೇ ಕರೆಂಟಿಗೆ ಹೊಂದಿಸಿ ಓಡಿಸಲು ಹೇಳಿದರು. ಮಾರಾಟಗಾರ ಒಂದು ನಿಮಿಷ ಓಡಿಸಿ ನಿಲ್ಲಿಸಹೊರಟ. "ಇರಲಿ. ಒಂದು ಸ್ಟೂಲು ಇದೆಯಾ?" ಅವನು ಪೆಚ್ಚಾಗಿ ಸ್ಟೂಲು ತಂದ. ಗಿರಾಕಿಗಳು ಬರುತ್ತ ಹೋಗುತ್ತ ಇದ್ದರು. ಅಕ್ಕ ಕೋಟಿನ ಜೇಬುಗಳಲ್ಲಿ ಕೈಯಿಟ್ಟು, ಕಣ್ಣು ಅರೆಮುಚ್ಚಿ, ಯಂತ್ರದ ಪಕ್ಕದಲ್ಲಿ ಒಂದು ಗಂಟೆ ಕೂತರು. ಕೊನೆಗೆ ಎದ್ದು, "ಅಲುಗಾಡ್ತಿಲ್ಲ. ಇದೇ ಇರಲಿ. ನೆಗ್ಗಿದ್ದಕ್ಕೆ ಇಳಿಸಿದ ದುಡ್ಡಲ್ಲಿ ಎರಡು ದಪ್ಪ ಫಿಲ್ಟರ್ ಕೊಡಿ," ಎಂದರು. ಸಾಲದ ಮಾತೇ ಬರಲಿಲ್ಲ. ನಾವು ಹೊರಡುವಾಗ ಮಾರಾಟಗಾರ ನನ್ನನ್ನು ಪಕ್ಕಕ್ಕೆ ಕರೆದು, "ನಮ್ಮ ಮನೇಲೂ ಒಂದು ಕೋಣೆ ತಂಪಾಗಲ್ಲ ಸರ್. ಮೇಡಂ ಬಂದು ನೋಡ್ತಾರಾ?" ಎಂದು ಕೇಳಿದ.

ಯಂತ್ರ ಕೂರಿಸಲು ಎರಡು ದಿನ ಹಿಡಿಯಿತು. ನೀರು ಹರಿದುಹೋಗುವ ಕೊಳವೆಯ ಇಳಿಜಾರು ಸಾಲದೆಂದು ಕೆಲಸಗಾರರಿಂದ ಅಕ್ಕ ಎರಡು ಸಲ ಬಿಚ್ಚಿಸಿ ಹಾಕಿಸಿದರು. ಆಮೇಲೆ ಹಿಂದಿನ ಕೋಣೆಯ ತೊಟ್ಟಿಲ ಬಳಿ ಒಂದು, ನಡುಮನೆಯಲ್ಲಿ ಒಂದು ಉಷ್ಣಮಾಪಕ ತೂಗುಹಾಕಿ, ಮೂರು ದಿನ ಹಗಲೆಲ್ಲ ಬಂದುಹೋಗಿ ನೋಡಿದರು. ನಾಲ್ಕನೆಯ ದಿನ ನೆತ್ತಿ ಸುಡುವ ಮಧ್ಯಾಹ್ನದಲ್ಲಿ ಎರಡೂ ಒಂದೇ ಅಂಕಿಯಲ್ಲಿ ನಿಂತಿದ್ದವು. "ಇನ್ನು ಕರ್ಕೊಂಡು ಬನ್ನಿ," ಎಂದರು.

ಮಗು ಬಂದದ್ದು ಮುಂಜಾವಿನ ಎಳೆಬಿಸಿಲಲ್ಲಿ. ತಾಯಿ ಅದನ್ನು ಹಿಂದಿನ ಕೋಣೆಗೆ ಒಯ್ದಳು. ಬಾಗಿಲಲ್ಲಿ ನಿಂತ ನಾವೆಲ್ಲ ಉಸಿರು ಬಿಗಿಹಿಡಿದಿದ್ದೆವು, ಮಗುವೊಂದೇ ನಿರಾಳವಾಗಿ ಉಸಿರಾಡುತ್ತ ನಿದ್ದೆ ಹೋಗಿತ್ತು. ತಮ್ಮ ಅದನ್ನು ಎತ್ತಿಕೊಂಡು ಅಕ್ಕನ ಮುಂದೆ ಬಂದು ನಿಂತ. "ತಪ್ಪು ಮಾತಾಡಿದೆ ಅವತ್ತು," ಎಂದ. "ಮೊದಲು ನೀನು ಎತ್ಕೋ."

"ಕೈ ತೊಳ್ಕೊಂಡು ಬರ್ತೀನಿ," ಎಂದು ಅಕ್ಕ ಬಚ್ಚಲಿಗೆ ಹೋದರು. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು. ಹೊರಬಂದಾಗ ಕೈ ಮಾತ್ರವಲ್ಲ, ಮುಖವನ್ನೂ ತೊಳೆದುಕೊಂಡಿದ್ದರು. ಇಪ್ಪತ್ತೇಳು ವರ್ಷ ಆ ವಾರ್ಡಿಗೆ ಗಾಳಿ ಕಳಿಸಿದವರು, ಅಲ್ಲಿಂದ ಮನೆಗೆ ಹೋದ ಸಾವಿರಾರು ಕೂಸುಗಳಲ್ಲಿ ಒಂದನ್ನು ಕೈಯಾರೆ ಎತ್ತಿಕೊಂಡದ್ದು ಅದೇ ಮೊದಲು. ಎತ್ತಿಕೊಂಡವರು ಅರ್ಧ ಗಂಟೆ ಯಾರಿಗೂ ಕೊಡಲಿಲ್ಲ.

ಆ ಮಗು ಈಗ ನಮ್ಮ ಬೀದಿಯ ಉದ್ದಕ್ಕೂ ಏದುಸಿರಿಲ್ಲದೆ ಓಡುತ್ತದೆ. ಅದನ್ನು ನೋಡುವಾಗಲೆಲ್ಲ ನನಗೆ ಅಕ್ಕನಂಥವರ ಯೋಚನೆ ಬರುತ್ತದೆ. ಊರಿಗೆ ನೀರು ಬಿಡುವವರು, ಹಳಿಯ ತಿರುಪು ಬಿಗಿಯುವವರು, ತಾರಸಿಯ ಮೇಲೆ ಗಾಳಿ ಸೋಸುವವರು: ಅವರ ಕೆಲಸ ನೆಟ್ಟಗಿರುವಷ್ಟು ದಿನ ಅವರೂ ಇದ್ದಾರೆಂಬುದು ನಮ್ಮ ಗಮನಕ್ಕೇ ಬರುವುದಿಲ್ಲ, ಮತ್ತು ಅವರು ದುಡಿಯುವುದೂ ಆ ಸ್ಥಿತಿ ಕೆಡದಿರಲೆಂದೇ. ಪ್ರೀತಿಯನ್ನು ಬಾಯಲ್ಲಿ ಆಡಲು ಅವರಿಗೆ ಬರುವುದಿಲ್ಲ. ಕೋಣೆಯ ಉದ್ದಗಲ ಅಳೆದು, ಬೇಕಾದಷ್ಟನ್ನು ತಂದು, ಬೇಡದ್ದನ್ನು ಅಂಗಡಿಯಲ್ಲೇ ಬಿಟ್ಟು ಬರಲು ಬರುತ್ತದೆ. ಇಂಥವರು ಊರಿಗೆ ಹತ್ತು ಮಂದಿ ಇದ್ದರೂ ಸಾಕು, ಉಳಿದ ನಾವೆಲ್ಲ ಅವರ ಹೆಸರು ತಿಳಿಯದೆಯೇ ಕ್ಷೇಮವಾಗಿ ಬಾಳಿಬಿಡುತ್ತೇವೆ.